ಸೂಜಿಯ ತುದಿ ಎಲ್ಲಿದೆ?

ಎಕ್ಸ್-ರೇ ಮತ್ತು ಸಿ.ಟಿ. ನೋಡಿಕೊಂಡು ಮಾಡುವ ಚಿಕಿತ್ಸೆಗಳ ಬಗ್ಗೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಆರು ಪತ್ರಗಳಿಗೆ ಈ ಸಲ ಉತ್ತರ. ಕೆಲವು ಥಿಯೇಟರಿನೊಳಗೆ ಕೆಲಸ ಮಾಡುವವರದು, ಕೆಲವು ಹೊರಗೆ ಬೆಂಚಿನ ಮೇಲೆ ಕಾಯುವವರದು.

ಪ್ರಶ್ನೆ: ನಮ್ಮ ನರ್ಸಿಂಗ್ ಹೋಮಿನಲ್ಲಿ ಹಳೇ ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ಚಿತ್ರ ತೋರಿಸುವ ಮಷಿನ್) ಇದೆ. ದಪ್ಪ ಮೈಯವರಿಗೆ ತೊಡೆಯ ಮೇಲ್ಭಾಗದ ಮುರಿತಕ್ಕೆ ನೇಲ್ (ಮೂಳೆಯೊಳಗೆ ಕೂರಿಸುವ ಲೋಹದ ಕಂಬಿ) ಹಾಕುವಾಗ ಲ್ಯಾಟರಲ್‌ನಲ್ಲಿ (ಪಕ್ಕದಿಂದ ತೆಗೆಯುವಾಗ) ಹಾಲು ಚೆಲ್ಲಿದ ಹಾಗೆ ಮಬ್ಬು ಚಿತ್ರ ಬರುತ್ತೆ. ಸರ್ಜನ್ 'ಬೂಸ್ಟ್ ಒತ್ತಿ' (ಕಿರಣ ಹೆಚ್ಚಿಸುವ ಗುಂಡಿ) ಅಂತಾರೆ. ಒತ್ತಿದರೂ ಅಷ್ಟಕ್ಕಷ್ಟೆ. ಮಷಿನ್ನೇ ಬದಲಾಯಿಸಬೇಕಾ?
— ಓ.ಟಿ. ಟೆಕ್ನಿಷಿಯನ್, ದಾವಣಗೆರೆ

ಉತ್ತರ: ಬದಲಾಯಿಸುವ ಮಾತು ಆಮೇಲೆ. ಚಿತ್ರ ಕೆಟ್ಟಿದ್ದು ಹೇಗೆ ಅಂತ ಮೊದಲು ನೋಡಿ. ಮರಳು ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆಯಾಗಿ ಕುಣಿಯುತ್ತಿದ್ದರೆ ಕಿರಣ ಸಾಲದು ಅಂತ ಅರ್ಥ. ಅಲ್ಲಿ ಬೂಸ್ಟ್ ಉಪಯೋಗಕ್ಕೆ ಬರುತ್ತದೆ. ಹಾಲು ಚೆಲ್ಲಿದ ಹಾಗಿದ್ದರೆ ಅದು ಚದುರಿದ ಕಿರಣದ ಕೆಲಸ. ಮೈಯೊಳಗೆ ದಿಕ್ಕು ತಪ್ಪಿದ ಕಿರಣ ಮೂಳೆಯ ಸುದ್ದಿ ತರುವುದಿಲ್ಲ, ಇಡೀ ಚಿತ್ರಕ್ಕೆ ಮಂಜು ಹಾಸುತ್ತದೆ. ಬೂಸ್ಟ್ ಒತ್ತಿದರೆ ನೇರ ಬರುವುದೂ ಹೆಚ್ಚುತ್ತದೆ, ಚದುರುವುದೂ ಹೆಚ್ಚುತ್ತದೆ, ಮಬ್ಬು ಇದ್ದಲ್ಲೇ ಇರುತ್ತದೆ. ಡೋಸ್ (ಮೈಗೆ ಬೀಳುವ ಕಿರಣದ ಪ್ರಮಾಣ) ಮಾತ್ರ ಏರಿರುತ್ತದೆ.

ಮಬ್ಬಿಗೆ ಮದ್ದು ಕಾಲಿಮೇಟರ್, ಅಂದರೆ ಕಿರಣ ಹೊರಡುವ ಕಿಂಡಿಯನ್ನು ಕಿರಿದು ಮಾಡುವ ಬಾಗಿಲು. ಸರ್ಜನ್ ನೋಡುತ್ತಿರುವುದು ತೊಡೆ ಮೂಳೆಯ ತಲೆ, ಕುತ್ತಿಗೆ ಎರಡನ್ನೇ. ಅದರ ದುಂಡು ಬಾಗಿಲಾದ ಐರಿಸ್ ಮುಚ್ಚಿಕೊಂಡು ಬಂದು, ಪಕ್ಕದ ಶಟರ್‌ಗಳನ್ನೂ ಮೂಳೆಯ ಅಂಚಿಗೆ ತನ್ನಿ. ಕಿರಣದ ಕಿಂಡಿಯ ಉದ್ದ ಅಗಲ ಎರಡನ್ನೂ ಅರ್ಧ ಮಾಡಿದರೆ ಕಿರಣ ಬೀಳುವ ಜಾಗ ಕಾಲು ಭಾಗಕ್ಕಿಳಿಯುತ್ತದೆ, ಅದಕ್ಕೆ ತಕ್ಕ ಹಾಗೆ ಚದುರುವುದೂ ಇಳಿಯುತ್ತದೆ. ನಮ್ಮ ಕಡೆ ಬಹಳ ಥಿಯೇಟರುಗಳಲ್ಲಿ ಈ ಗುಂಡಿಗೆ ಕೈಯೇ ಹೋಗುವುದಿಲ್ಲ. ಮಷಿನ್ ಬಂದ ದಿನ ಹೇಗೆ ಪೂರ್ತಿ ತೆರೆದಿತ್ತೋ ಹಾಗೇ ಇರುತ್ತದೆ.

ಎರಡನೆಯದು, ದಾರಿಯಲ್ಲಿರುವ ಮಾಂಸ. ಹೆಚ್ಚುಕಮ್ಮಿ 4 ಸೆಂ.ಮೀ. ದಪ್ಪಕ್ಕೊಮ್ಮೆ ಕಿರಣ ಅರ್ಧವಾಗುತ್ತ ಹೋಗುತ್ತದೆ. 12 ಸೆಂ.ಮೀ. ಹೆಚ್ಚಾದರೆ ಆಚೆ ತಲುಪುವುದು ಎಂಟನೇ ಒಂದು ಪಾಲು. ಇನ್ನೊಂದು ಕಾಲನ್ನು ಎತ್ತಿ ಅಗಲಿಸಿ ಕಟ್ಟುವುದು ಸಿ-ಆರ್ಮ್ ತೂರಿಸಲು ಜಾಗಕ್ಕಷ್ಟೇ ಅಲ್ಲ, ಆ ತೊಡೆ ಕಿರಣದ ದಾರಿಗೆ ಬರದಿರಲಿ ಎಂದೂ ಹೌದು. ಅರ್ಧಂಬರ್ಧ ಅಗಲಿಸಿದ್ದರೆ ಯಾವ ಮಷಿನ್ ತಂದರೂ ಮಬ್ಬೇ.

ಮೂರನೆಯದು ಕಿರಣದ ನಡುವೆ ಬರುವ ಲೋಹ ಮತ್ತು ಕೈ. ಮಷಿನ್ ತಾನೇ ಬೆಳಕು ಹೊಂದಿಸಿಕೊಳ್ಳುತ್ತದಲ್ಲ, ಅದಕ್ಕೆ ರಿಟ್ರ್ಯಾಕ್ಟರ್ (ಗಾಯ ಅಗಲಿಸಿ ಹಿಡಿಯುವ ಲೋಹದ ಉಪಕರಣ) ಯಾವುದು, ಮೂಳೆ ಯಾವುದು ಗೊತ್ತಿಲ್ಲ. ನಡುವೆ ಕಪ್ಪಾಗಿ ಏನೋ ಕಂಡರೆ ಕೆ.ವಿ. (ಕಿರಣದ ಬಲ) ಮತ್ತು ಎಂ.ಎ. (ಕಿರಣದ ಪ್ರಮಾಣ) ಏರಿಸಿಬಿಡುತ್ತದೆ. ಸೀಸದ ಕೈಗವಸು ಹಾಕಿದ ಕೈ ಚಿತ್ರದೊಳಗೆ ಬಂದರೆ ರಕ್ಷಣೆಯ ಮಾತು ಹಾಗಿರಲಿ, ಡೋಸ್ ಏರಿ ಕೈಗೂ ರೋಗಿಗೂ ನಷ್ಟ.

ಡಿಟೆಕ್ಟರ್ (ಮೈ ದಾಟಿ ಬಂದ ಕಿರಣ ಹಿಡಿದು ಚಿತ್ರ ಮಾಡುವ ಭಾಗ) ರೋಗಿಗೆ ಒಂದು ಗೇಣಿಗಿಂತ ದೂರ ಬೇಡ. ಸಂದು ಬಿಟ್ಟರೆ ಚದುರಿದ ಕಿರಣ ಪಕ್ಕಕ್ಕೆ ಹೋಗಿಬಿಡುತ್ತದಲ್ಲ ಅಂತ ಓದಿಕೊಂಡವರು ಕೇಳಬಹುದು. ನಿಜ, ಆದರೆ ಆ ಕೆಲಸಕ್ಕೆ ಗ್ರಿಡ್ (ಚದುರಿದ ಕಿರಣ ತಡೆಯುವ ಸೀಸದ ಪಟ್ಟಿಗಳ ಜಾಲ) ಇದೆ. ಸಂದು ಬಿಟ್ಟರೆ ಅಂಚುಗಳು ಮಸುಕಾಗಿ ಡೋಸೂ ಏರುತ್ತದೆ. ಚಿತ್ರ ಹಿಗ್ಗಿಸುವ ಮ್ಯಾಗ್ ಗುಂಡಿಯನ್ನೂ ಸುಮ್ಮನೆ ಒತ್ತಬೇಡಿ. ಇಮೇಜ್ ಇಂಟೆನ್ಸಿಫೈಯರ್ (ಹಳೇ ಬಗೆಯ ಡಿಟೆಕ್ಟರ್) ಇರುವ ಮಷಿನ್ನಿನಲ್ಲಿ ನೋಟದ ಅಗಲ 9 ಇಂಚಿನಿಂದ 6 ಇಂಚಿಗೆ ಬಂದರೆ ಡೋಸ್ ಸುಮಾರು 2.25 ಪಟ್ಟು. ಲ್ಯಾಟರಲ್ ಶಾಟ್ ವೇಳೆ ಕಿರಣ ಹೊರಡುವ ಟ್ಯೂಬ್ ಇರುವ ಕಡೆ ಯಾರೂ ನಿಲ್ಲಬಾರದು. ಕಿರಣ ಮೊದಲು ಬಡಿಯುವ ಮಗ್ಗುಲಿನಿಂದಲೇ ಹೆಚ್ಚು ಚದುರಿ ಹಿಂದಕ್ಕೆ ಬರುತ್ತದೆ.

ಹಳೇ ಮಷಿನ್ನಿನದೇ ಆದ ಇನ್ನೊಂದು ದೋಷವಿದೆ. ಒಂದು ತಂತಿ ಜಾಲರಿ ತುಂಡನ್ನು ಡಿಟೆಕ್ಟರ್ ಮುಖಕ್ಕೆ ಅಂಟಿಸಿ ಒಂದು ಶಾಟ್ ತೆಗೆದು ನೋಡಿ. ನಡುವೆ ಗೆರೆ ನೆಟ್ಟಗಿರುತ್ತದೆ, ಅಂಚಿಗೆ ಹೋದ ಹಾಗೆ ಹೊರಕ್ಕೆ ಬಾಗುತ್ತದೆ. ಭೂಮಿಯ ಕಾಂತತ್ವದಿಂದ ಸ್ವಲ್ಪ ಸೊಟ್ಟಗೆ ತಿರುಚಿಯೂ ಇರಬಹುದು. ಹಾಗಾಗಿ ಗೈಡ್ ವೈರ್ (ನೇಲ್ ಹೋಗಲು ದಾರಿ ತೋರುವ ತಂತಿ) ಮೂಳೆಯ ನಡುಮಧ್ಯ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಶಾಟ್‌ನಲ್ಲಿ ಅದನ್ನು ಪರದೆಯ ನಡುವಿಗೆ ತಂದುಕೊಳ್ಳಿ. ಹೊಸ ಬಗೆಯ, ಚಪ್ಪಟೆ ಡಿಟೆಕ್ಟರಿನ ಫ್ಲಾಟ್ ಪ್ಯಾನಲ್ ಮಷಿನ್ನಿನಲ್ಲಿ ಈ ತೊಂದರೆ ಇಲ್ಲ.

ಇನ್ನು ಬದಲಾಯಿಸುವುದು. ಮುಚ್ಚಳ ಬಿಗಿಯಾಗಿರುವ ಅಗಲ ಪ್ಲಾಸ್ಟಿಕ್ ಡಬ್ಬಕ್ಕೆ 20 ಸೆಂ.ಮೀ. ಎತ್ತರ ನೀರು ತುಂಬಿ, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ದೂರದಲ್ಲಿಟ್ಟು ಆಟೋ ಮೋಡ್‌ನಲ್ಲಿ ಒಂದು ಶಾಟ್ ತೆಗೆಯಿರಿ. ಪರದೆಯಲ್ಲಿ ಬರುವ ಕೆ.ವಿ., ಎಂ.ಎ. ಒಂದು ಪುಸ್ತಕದಲ್ಲಿ ಬರೆದಿಡಿ. ನೀರು ಅಷ್ಟೇ ಇದ್ದೂ ಅಂಕಿ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಇಂಟೆನ್ಸಿಫೈಯರ್ ಸೋಲುತ್ತಿದೆ, ಮಷಿನ್ ಅದನ್ನು ಡೋಸ್ ಏರಿಸಿ ಮುಚ್ಚಿಕೊಳ್ಳುತ್ತಿದೆ. ಸರ್ವಿಸ್ ಎಂಜಿನಿಯರ್ ಮುಂದೆ ಆ ಪುಸ್ತಕ ತೆರೆದಿಟ್ಟರೆ ವಾದವೇ ಬೇಕಿಲ್ಲ. ಆದರೆ ನಿಯಮದ ಕ್ಯೂ.ಎ. (ಗುಣಮಟ್ಟದ) ಪರೀಕ್ಷೆಗೆ ಇದು ಬದಲಿಯಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ, ಬೀಡಿ ಅಭ್ಯಾಸ ಇತ್ತು. ಬಲಗಡೆ ಶ್ವಾಸಕೋಶದ ಕೆಳಭಾಗದಲ್ಲಿ ಎರಡೂವರೆ ಸೆಂ.ಮೀ. ಗಡ್ಡೆ ಇದೆ, ಸಿ.ಟಿ. ನೋಡಿಕೊಂಡು ಬಯಾಪ್ಸಿ (ಪರೀಕ್ಷೆಗೆ ತುಂಡು ತೆಗೆಯೋದು) ಮಾಡಬೇಕು ಅಂದಿದ್ದಾರೆ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತೆ ಅಂತ ಊರಲ್ಲಿ ಹೆದರಿಸ್ತಾರೆ. ಒಳಗೆ ಏನು ಮಾಡ್ತಾರೆ, ನಾವು ಏನು ನೋಡ್ಕೋಬೇಕು ಬಿಡಿಸಿ ಹೇಳಿ.
— ಓದುಗರು, ಹೊಳಲ್ಕೆರೆ

ಉತ್ತರ: ಸೂಜಿಯ ದಾರಿಗುಂಟ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ಆ ಹೆದರಿಕೆಗೆ ಬಯಾಪ್ಸಿ ಬಿಟ್ಟರೆ ಯಾವ ಔಷಧಿ ಕೊಡಬೇಕೆಂಬುದೇ ತಿಳಿಯದೆ ಉಳಿಯುತ್ತದೆ. ನೀವು ಲಕ್ಷ್ಯ ಕೊಡಬೇಕಾದ ಅಪಾಯ ಬೇರೆ: ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುವುದು, ಡಾಕ್ಟರು ನ್ಯೂಮೋಥೊರಾಕ್ಸ್ ಅನ್ನುವುದು ಇದನ್ನೇ. ನಾಲ್ಕೈದು ಜನರಲ್ಲಿ ಒಬ್ಬರಿಗೆ ಇದು ಆಗುತ್ತದೆ. ಹೆಚ್ಚಿನವರಲ್ಲಿ ಸ್ವಲ್ಪವೇ ಗಾಳಿ, ತಾನೇ ಇಂಗುತ್ತದೆ. ಕೆಲವರಿಗೆ ಮಾತ್ರ ಎದೆಗೆ ನಳಿಗೆ ಹಾಕಿ ತೆಗೆಯಬೇಕಾಗುತ್ತದೆ. ಬೀಡಿಯಿಂದ ಶ್ವಾಸಕೋಶ ಜಾಳುಜಾಳಾಗಿದ್ದರೆ ಸಂಭವ ಹೆಚ್ಚು. ನಿಮ್ಮ ತಂದೆಯವರು ಎಷ್ಟು ವರ್ಷ ಸೇದಿದ್ದರು, ದಿನಕ್ಕೆಷ್ಟು ಕಟ್ಟು ಅಂತ ಮುಚ್ಚುಮರೆಯಿಲ್ಲದೆ ಹೇಳಿ.

ಹೋಗುವ ಮೊದಲು ಪಿ.ಟಿ.-ಐ.ಎನ್.ಆರ್. (ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಪರೀಕ್ಷೆ) ಮತ್ತು ಪ್ಲೇಟ್‌ಲೆಟ್ ರಿಪೋರ್ಟ್ ಕೈಯಲ್ಲಿರಲಿ. ಐ.ಎನ್.ಆರ್. 1.5ರೊಳಗೆ, ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ ಇರಬೇಕೆಂದು ಸಾಮಾನ್ಯವಾಗಿ ನೋಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು, ಕ್ಲೋಪಿಡೊಗ್ರೆಲ್ ಆದರೆ ಸಾಮಾನ್ಯವಾಗಿ 5 ದಿನ ಮೊದಲು, ನಿಲ್ಲಿಸಲು ಹೇಳುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರೆ ಆ ಡಾಕ್ಟರನ್ನು ಕೇಳದೆ ನೀವಾಗಿ ನಿಲ್ಲಿಸಬೇಡಿ. ಬಯಾಪ್ಸಿ ತಡವಾದರೆ ಸುಧಾರಿಸಿಕೊಳ್ಳಬಹುದು, ಸ್ಟೆಂಟ್ ಕಟ್ಟಿಕೊಂಡರೆ ಸುಧಾರಿಸಿಕೊಳ್ಳುವುದು ಕಷ್ಟ.

ಒಳಗೆ ನಡೆಯುವುದು ಹೀಗೆ. ಗಡ್ಡೆ ಯಾವ ಮಗ್ಗುಲಿಗೆ ಹತ್ತಿರವೋ ಆ ಮಗ್ಗುಲು ಮೇಲಾಗುವಂತೆ ಮಲಗಿಸುತ್ತಾರೆ. ತೆಳು ತಂತಿಗಳನ್ನು ಸಾಲಾಗಿ ಅಂಟಿಸಿದ ಪಟ್ಟಿಯೊಂದನ್ನು ಚರ್ಮದ ಮೇಲೆ ಹಚ್ಚಿ ಸಿ.ಟಿ. ತೆಗೆಯುತ್ತಾರೆ. ಚಿತ್ರದಲ್ಲಿ ತಂತಿಗಳು ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಎಷ್ಟನೇ ಚುಕ್ಕೆಯ ಹತ್ತಿರ ಚುಚ್ಚಬೇಕು, ಎಷ್ಟು ಡಿಗ್ರಿ ವಾಲಿಸಬೇಕು, ಎಷ್ಟು ಸೆಂ.ಮೀ. ಒಳಗೆ ಹೋಗಬೇಕು ಎಂದು ಪರದೆಯ ಮೇಲೇ ಅಳೆಯುತ್ತಾರೆ. ಮಷಿನ್ನಿನ ಕೆಂಪು ಲೇಸರ್ ಗೆರೆ ಚರ್ಮದ ಮೇಲೆ ಬಿದ್ದಲ್ಲಿ, ಆ ತಂತಿಯ ಜಾಗ ನೋಡಿ ಪೆನ್ನಿನಿಂದ ಗುರುತು ಹಾಕುತ್ತಾರೆ. ಆಮೇಲೆ ಮರಗಟ್ಟುವ ಇಂಜೆಕ್ಷನ್. ಪಕ್ಕೆಲುಬಿನ ಕೆಳ ಅಂಚಿಗೆ ರಕ್ತನಾಳ, ನರ ಅಂಟಿಕೊಂಡಿರುವುದರಿಂದ ಸೂಜಿಯನ್ನು ಕೆಳಗಿನ ಎಲುಬಿನ ಮೇಲಂಚು ಸವರಿಕೊಂಡು ತೂರಿಸುತ್ತಾರೆ. ಸಾಮಾನ್ಯವಾಗಿ 17 ಗೇಜಿನ (ಗೇಜ್ ಅಂಕಿ ಹೆಚ್ಚಾದಷ್ಟೂ ಸೂಜಿ ತೆಳು) ಹೊರಸೂಜಿ ಒಂದೇ ಸಲ ಒಳಗೆ ಹೋಗಿ ಅಲ್ಲೇ ಇರುತ್ತದೆ. ಅದರೊಳಗಿಂದ 18 ಗೇಜಿನ ತುಂಡು ತೆಗೆಯುವ ಸೂಜಿ ಎರಡು ಮೂರು ಸಲ ಹೋಗಿ ಬರುತ್ತದೆ. ಶ್ವಾಸಕೋಶದ ಪೊರೆಗೆ ತೂತು ಒಂದೇ ಬೀಳಲಿ ಎಂದು ಈ ಏರ್ಪಾಟು.

ಇಲ್ಲಿ ತಪ್ಪುವುದು ಎಲ್ಲಿ? ಸೂಜಿಯ ತುದಿಯಲ್ಲಿ. ಸಿ.ಟಿ. ತೋರಿಸುವುದು ಮೈಯ ಒಂದು ತೆಳು ಬಿಲ್ಲೆಯನ್ನು. ಸೂಜಿ ಸ್ವಲ್ಪ ಓರೆಯಾಗಿ ಬಿಲ್ಲೆಯಿಂದ ಆಚೆ ಹೋಗಿದ್ದರೂ ಚಿತ್ರದಲ್ಲಿ ಅದು ಮುಗಿದ ಹಾಗೆ ಕಾಣುತ್ತದೆ. ನಿಜವಾದ ತುದಿ ಚೌಕಾಗಿ ತಟ್ಟನೆ ನಿಲ್ಲುತ್ತದೆ, ಅದರ ಮುಂದೆ ಕಪ್ಪು ನೆರಳಿನ ಗೆರೆ ಎಳೆದಿರುತ್ತದೆ. ಬಿಲ್ಲೆಯಿಂದ ಜಾರಿದ ಸೂಜಿ ಮೆಲ್ಲಗೆ ಮಸುಕಾಗುತ್ತದೆ. ಅದಕ್ಕೇ ಮೇಲಿನದೊಂದು, ಕೆಳಗಿನದೊಂದು ಬಿಲ್ಲೆ ನೋಡದೆ ಯಾರೂ ಸೂಜಿಯನ್ನು ಮುಂದಕ್ಕೆ ತಳ್ಳುವುದಿಲ್ಲ. ತುಂಡು ಕತ್ತರಿಸುವ ಸೂಜಿ ಸ್ಪ್ರಿಂಗಿನಿಂದ 1 ಅಥವಾ 2 ಸೆಂ.ಮೀ. ಮುಂದಕ್ಕೆ ಜಿಗಿಯುತ್ತದೆ, ಆ ಜಾಗದಲ್ಲಿ ರಕ್ತನಾಳ ಇಲ್ಲ ಎಂಬುದೂ ಖಾತ್ರಿಯಾಗಬೇಕು. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಸೂಜಿ ಎದ್ದು ಕಾಣುವುದರಿಂದ ಈ ನಡುವಿನ ಚಿತ್ರಗಳಿಗೆ ಕಡಿಮೆ ಡೋಸೇ ಸಾಕು.

ನಿಮ್ಮ ತಂದೆಯವರ ಪಾಲಿನ ಕೆಲಸ ಉಸಿರು. ಕೆಳಭಾಗದ ಗಡ್ಡೆ ಒಂದು ಉಸಿರಿಗೆ 1-2 ಸೆಂ.ಮೀ. ಮೇಲೆ ಕೆಳಗೆ ಹೋಗುತ್ತದೆ, ಅಂದರೆ ಹೆಚ್ಚುಕಮ್ಮಿ ಗಡ್ಡೆಯಷ್ಟೇ ದೂರ. 'ಉಸಿರು ಹಿಡೀರಿ' ಅಂದಾಗ ಒಂದು ಸಲ ಎದೆ ತುಂಬ ಎಳೆದು, ಮುಂದಿನ ಸಲ ಅರ್ಧ ಎಳೆದರೆ, ಅಳೆದ ಅಳತೆಯೆಲ್ಲ ಸುಳ್ಳಾಗುತ್ತದೆ. ಮಾಮೂಲಾಗಿ ಉಸಿರು ಬಿಟ್ಟು ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿಸುವುದನ್ನು ಮನೆಯಲ್ಲೇ ದಿನಕ್ಕೆ ಹತ್ತಿಪ್ಪತ್ತು ಸಲ ರೂಢಿ ಮಾಡಿಸಿ. ಕೆಮ್ಮು ಜಾಸ್ತಿ ಇದ್ದರೆ ಮೊದಲೇ ತಿಳಿಸಿ.

ಸ್ಯಾಂಪಲ್ ಬಾಟಲಿಯನ್ನು ಮನೆಯವರ ಕೈಗೆ ಕೊಟ್ಟು ಲ್ಯಾಬಿಗೆ ಕಳಿಸುವುದು ನಮ್ಮಲ್ಲಿ ರೂಢಿ. ಗಮನವಿಟ್ಟು ನೋಡಿ: ಕ್ಯಾನ್ಸರ್ ಪರೀಕ್ಷೆಗೆ ಫಾರ್ಮಲಿನ್ ಬಾಟಲಿ, ಟಿ.ಬಿ. ಕಲ್ಚರಿಗೆ (ಸೂಕ್ಷ್ಮಜೀವಿ ಬೆಳೆಸಿ ನೋಡುವುದಕ್ಕೆ) ಸಲೈನ್ ಬಾಟಲಿ. ಟಿ.ಬಿ. ತುಂಡು ಫಾರ್ಮಲಿನ್ನಿಗೆ ಬಿದ್ದರೆ ಸೂಕ್ಷ್ಮಜೀವಿ ಸತ್ತು ಕಲ್ಚರ್ ಬರುವುದೇ ಇಲ್ಲ, ಮತ್ತೆ ಚುಚ್ಚಿಸಿಕೊಳ್ಳಬೇಕು. ಬಾಟಲಿ ಮೇಲೆ ಹೆಸರು, ದಿನಾಂಕ, ಯಾವ ಜಾಗದ ತುಂಡು ಎಂಬ ಚೀಟಿ ಇಲ್ಲದಿದ್ದರೆ ಅಲ್ಲೇ ಬರೆಸಿಕೊಳ್ಳಿ.

ಆದ ಮೇಲೆ ಚುಚ್ಚಿದ ಮಗ್ಗುಲು ಕೆಳಗಾಗುವಂತೆ ಮಲಗಿರಬೇಕು, ಜಾಸ್ತಿ ಮಾತಾಡಬಾರದು. ಸ್ವಲ್ಪ ಹೊತ್ತಾದ ಮೇಲೆ ಒಮ್ಮೆ, ಕೆಲವು ಗಂಟೆ ಕಳೆದು ಮತ್ತೊಮ್ಮೆ ಎದೆಯ ಎಕ್ಸ್-ರೇ ತೆಗೆಯುತ್ತಾರೆ. ಕಫದಲ್ಲಿ ರಕ್ತದ ಎಳೆ ಬರುವುದು ಸಾಮಾನ್ಯ. ಉಸಿರು ಕಟ್ಟುವುದು, ಎದೆ ಹಿಡಿದಂತಾಗುವುದು, ರಕ್ತ ಗಟ್ಟಿಯಾಗಿ ಬೀಳುವುದು ಸಾಮಾನ್ಯವಲ್ಲ. ಅದೇ ದಿನ ಸಂಜೆ ಬಸ್ಸು ಹತ್ತಿ ಊರಿಗೆ ಹೋಗಬೇಡಿ, ಒಂದು ರಾತ್ರಿ ಆಸ್ಪತ್ರೆ ಇರುವ ಊರಲ್ಲೇ ಉಳಿಯಿರಿ. ರಿಪೋರ್ಟಿನಲ್ಲಿ 'ಕ್ಯಾನ್ಸರ್ ಕಣ ಕಾಣಲಿಲ್ಲ' ಎಂದು ಬಂದರೆ ಕ್ಯಾನ್ಸರ್ ಇಲ್ಲವೆಂದು ಸಿಹಿ ಹಂಚಬೇಡಿ. ಗಡ್ಡೆಯ ನಡುವೆ ಕೊಳೆತ ಭಾಗದಿಂದ ತುಂಡು ಬಂದಿದ್ದರೂ ಹಾಗೇ ಬರುತ್ತದೆ. ಗಡ್ಡೆಯ ಗೋಡೆಯಿಂದ ತೆಗೆದರೇ ಎಂದು ಕೇಳಿ.

ಪ್ರಶ್ನೆ: ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ತಗೋತಾರೆ. ಬಣ್ಣದ ಔಷಧಿ ಕೊಟ್ಟು ಸಿ.ಟಿ. ಮಾಡಬೇಕಂತೆ. ಮೀನು ತಿಂದರೆ ಅವರಿಗೆ ಮೈ ಕಡಿತ. ಕೊಡಬಹುದಾ?
— ಗೃಹಿಣಿ, ಭರಮಸಾಗರ

ಉತ್ತರ: ಮೀನಿನ ಅಲರ್ಜಿಗೂ ಅಯೋಡಿನ್ ಇರುವ ಈ ಔಷಧಿಗೂ ವಿಶೇಷ ಸಂಬಂಧವಿಲ್ಲ. ಇದೇ ಔಷಧಿಗೆ ಹಿಂದೆ ಮೈ ದದ್ದಾಗಿತ್ತೇ, ಅಸ್ತಮಾ ಇದೆಯೇ ಎಂಬುದನ್ನು ಹೇಳಿ. ಮೆಟ್‌ಫಾರ್ಮಿನ್ ವಿಷಯಕ್ಕೆ ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಿ. ಅದರಿಂದ ಲೆಕ್ಕ ಹಾಕುವ ಇ.ಜಿ.ಎಫ್.ಆರ್. (ಕಿಡ್ನಿ ಸೋಸುವ ಶಕ್ತಿಯ ಅಂಕಿ) 30ಕ್ಕಿಂತ ಮೇಲಿದ್ದು, ಕಿಡ್ನಿಗೆ ಹೊಸದಾಗಿ ಪೆಟ್ಟು ಬಿದ್ದಿಲ್ಲವಾದರೆ ಕೈ ನರಕ್ಕೆ ಕೊಡುವ ಔಷಧಿಗಾಗಿ ಮಾತ್ರೆ ನಿಲ್ಲಿಸಬೇಕಿಲ್ಲ. ಅದಕ್ಕಿಂತ ಕೆಳಗಿದ್ದರೆ ನಿಲ್ಲಿಸಿ, 48 ಗಂಟೆ ಕಳೆದ ಮೇಲೆ ಕ್ರಿಯೇಟಿನಿನ್ ಮತ್ತೆ ನೋಡಿ ಶುರುಮಾಡುತ್ತಾರೆ.

ಪ್ರಶ್ನೆ: ಅಪ್ಪನಿಗೆ ಕಿಡ್ನಿ ಕಲ್ಲು, ಬೆನ್ನಿನಿಂದ ತೂತು ಮಾಡಿ ತೆಗೀತಾರಂತೆ. ಸ್ಕ್ಯಾನಿಂಗ್‌ನಲ್ಲೇ ಕಲ್ಲು ಕಾಣುತ್ತಲ್ಲ, ಮತ್ತೆ ಎಕ್ಸ್-ರೇ ಯಾಕೆ?
— ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಕಲ್ಲು ಕಂಡರೆ ಸಾಲದು, ಕಲ್ಲಿರುವ ಕೋಣೆಗೆ ಬಾಗಿಲಿನಿಂದ ಹೋಗಬೇಕು. ಮೊದಲು ಮೂತ್ರದ ದಾರಿಯಿಂದ ತೆಳು ನಳಿಗೆ ಏರಿಸಿ ಬಣ್ಣದ ಔಷಧಿ ಬಿಡುತ್ತಾರೆ. ಕಿಡ್ನಿಯ ಒಳಗಿನ ಬಟ್ಟಲುಗಳು ಹೂವಿನ ಎಸಳಿನ ಹಾಗೆ ಕಾಣುತ್ತವೆ. ಬೋರಲು ಮಲಗಿಸಿ, ಸಿ-ಆರ್ಮನ್ನು ಸರ್ಜನ್ ಕಡೆಗೆ 25-30 ಡಿಗ್ರಿ ವಾಲಿಸುತ್ತಾರೆ. ಮೊಳೆಯನ್ನು ತಲೆಯ ಕಡೆಯಿಂದ ನೇರ ನೋಡಿದರೆ ಉದ್ದ ಕಾಣದೆ ಬರೀ ಚುಕ್ಕೆ ಕಾಣುತ್ತದಲ್ಲ, ಹಾಗೆ ಸೂಜಿಯ ಬುಡ, ತುದಿ, ಗುರಿಯ ಬಟ್ಟಲು ಮೂರೂ ಒಂದೇ ಚುಕ್ಕೆಯಾಗುವಂತೆ ಹಿಡಿದರೆ ದಿಕ್ಕು ಸರಿ. ಆಳ ಎಷ್ಟು ಎಂಬುದು ಈ ನೋಟದಲ್ಲಿ ಗೊತ್ತಾಗುವುದೇ ಇಲ್ಲ. ಸಿ-ಆರ್ಮನ್ನು ಮತ್ತೆ ನೆಟ್ಟಗೆ ತಂದು ನೋಡಿದಾಗಲೇ ಸೂಜಿ ಎಲ್ಲಿಗೆ ಬಂದಿದೆ ಎಂದು ಕಾಣುವುದು. ಸೂಜಿಯನ್ನು ಕೈಯಲ್ಲಿ ಹಿಡಿಯದೆ ಇಕ್ಕಳದಲ್ಲಿ ಹಿಡಿಯುವುದು ಬೆರಳು ಕಿರಣಕ್ಕೆ ಸಿಗದಿರಲೆಂದು. ಒಳಕಡ್ಡಿ ತೆಗೆದಾಗ ಮೂತ್ರ ತೊಟ್ಟಿಕ್ಕಿದರೆ ಬಾಗಿಲು ಸಿಕ್ಕಿತು. ಗುರಿ ತಪ್ಪಿ ಬಣ್ಣ ಹೊರಗೆ ಸೋರಿದರೆ ಆ ಜಾಗವೆಲ್ಲ ಕಪ್ಪಾಗಿ ಮುಂದಿನ ಚುಚ್ಚಿಗೆ ಏನೂ ಕಾಣದು. ಅಲ್ಟ್ರಾಸೌಂಡ್‌ನಿಂದಲೂ ಚುಚ್ಚುತ್ತಾರೆ, ಪಕ್ಕದ ಕರುಳು ಅದರಲ್ಲೇ ಚೆನ್ನಾಗಿ ಕಾಣುತ್ತದೆ. ಆದರೆ ದಾರಿ ಹಿಗ್ಗಿಸುವಾಗ ತಂತಿ, ಡೈಲೇಟರ್ ಎಲ್ಲಿವೆ ಎನ್ನುವುದಕ್ಕೆ ಎಕ್ಸ್-ರೇಯೇ ಮೇಲು. ಎರಡನ್ನೂ ಬಳಸುವವರು ಬಹಳ.

ಪ್ರಶ್ನೆ: ನಾನು ಆರ್ಥೋ ಪಿ.ಜಿ. ಜಗಳೂರು ಕಡೆಯ ಫ್ಲೋರೋಸಿಸ್ ರೋಗಿಗಳ ಬೆನ್ನುಮೂಳೆಗೆ ಸ್ಕ್ರೂ ಹಾಕುವಾಗ ಎ.ಪಿ. (ಹಿಂದು-ಮುಂದಿನ ನೇರ ನೋಟದ) ಚಿತ್ರದಲ್ಲಿ ಪೆಡಿಕಲ್ (ಸ್ಕ್ರೂ ಹೋಗುವ ಮೂಳೆಯ ಸಣ್ಣ ಕಂಬ) ಗುರುತೇ ಸಿಗುವುದಿಲ್ಲ. ನ್ಯಾವಿಗೇಷನ್ (ಉಪಕರಣ ಎಲ್ಲಿದೆ ಎಂದು ಪರದೆಯಲ್ಲಿ ತೋರಿಸುವ ವ್ಯವಸ್ಥೆ) ಇದ್ದರೆ ಈ ಚಿಂತೆ ಇರುವುದಿಲ್ಲವೇ?
— ಚಿತ್ರದುರ್ಗ

ಉತ್ತರ: ಚಿಂತೆ ಹೋಗುವುದಿಲ್ಲ, ಜಾಗ ಬದಲಾಯಿಸುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮೀರಬಾರದೆಂದು ಮಿತಿ. ಅದನ್ನು ಮೀರಿದ ಬೋರ್ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ ಸುಣ್ಣದ ಕಲ್ಲಿನಂತೆ ಬಿಳಿಯಾಗಿ ಗಟ್ಟಿಯಾಗಿರುತ್ತದೆ, ಲಿಗಮೆಂಟುಗಳೂ ಮೂಳೆಯಾಗಿರುತ್ತವೆ. ಪೆಡಿಕಲ್ಲಿನ ಮೊಟ್ಟೆಯಾಕಾರದ ಗೆರೆ ಕಾಣುವುದು ಹೊರಗೋಡೆ ಗಟ್ಟಿ, ಒಳಗೆ ಜಾಳು ಎಂಬ ವ್ಯತ್ಯಾಸದಿಂದ. ಎಲ್ಲವೂ ಗಟ್ಟಿಯಾದಾಗ ವ್ಯತ್ಯಾಸವೇ ಇಲ್ಲ. ಮೇಲಾಗಿ ಸಿ-ಆರ್ಮ್ ಕೆ.ವಿ. ಏರಿಸುತ್ತದೆ, ಇದ್ದ ಅಲ್ಪಸ್ವಲ್ಪ ವ್ಯತ್ಯಾಸವೂ ಅಳಿಸುತ್ತದೆ. ಹಾಗಾಗಿ ಇಂಥವರಿಗೆ 1 ಮಿ.ಮೀ. ತೆಳುವಿನ ಸಿ.ಟಿ. ಮೊದಲೇ ಬೇಕು. ಪ್ರತಿ ಮಟ್ಟದಲ್ಲೂ ಪೆಡಿಕಲ್ ಅಗಲ, ಒಳವಾಲು, ಸ್ಕ್ರೂ ಉದ್ದ ಅಳೆದು ಗೋಡೆಗೆ ಅಂಟಿಸಿ. ಎ.ಪಿ. ಶಾಟ್‌ನಲ್ಲಿ ಎಂಡ್‌ಪ್ಲೇಟ್ (ಕಶೇರುವಿನ, ಅಂದರೆ ಬೆನ್ನುಮೂಳೆಯ ಒಂದೊಂದು ಮಣಿಯ, ಚಪ್ಪಟೆ ಮುಖ) ಒಂದೇ ಗೆರೆಯಾಗಿ ಕಾಣುವವರೆಗೆ ಸಿ-ಆರ್ಮ್ ವಾಲಿಸಿ, ಆ ಡಿಗ್ರಿಯನ್ನು ಬರೆದಿಡಿ.

ನ್ಯಾವಿಗೇಷನ್ ಪರದೆ ಈಗಿನದಲ್ಲ, ಹಿಂದೆ ತೆಗೆದ ಚಿತ್ರದ ಮೇಲೆ ಈಗಿನ ಉಪಕರಣವನ್ನು ಕೂರಿಸಿ ತೋರಿಸುತ್ತದೆ. ಅಂಗಾತ ಮಲಗಿ ತೆಗೆಸಿದ ಸಿ.ಟಿ.ಯಲ್ಲಿ ಇದ್ದ ಕಶೇರುಗಳು ಬೋರಲು ಮಲಗಿದಾಗ ಒಂದಕ್ಕೊಂದು ಸ್ವಲ್ಪ ಸರಿದಿರುತ್ತವೆ. ಆ ಸಿ.ಟಿ. ಬಳಸಿದರೆ ಪ್ರತಿ ಕಶೇರುವನ್ನೂ ಬೇರೆಬೇರೆ ಹೊಂದಿಸಬೇಕು. ಟೇಬಲ್ ಮೇಲೆ ಬೋರಲಾಗಿಯೇ ಕೋನ್ ಬೀಮ್ ಸ್ಪಿನ್ (ಮಷಿನ್ ರೋಗಿಯ ಸುತ್ತ ಸುತ್ತಿ ತೆಗೆಯುವ ಸಿ.ಟಿ.ಯಂಥ ಚಿತ್ರ) ತೆಗೆದರೆ ಈ ತೊಂದರೆ ತಪ್ಪುತ್ತದೆ. ಆಗ ಅರಿವಳಿಕೆಯವರಿಗೆ ಹೇಳಿ ಸ್ಪಿನ್ ಮುಗಿಯುವವರೆಗೆ ವೆಂಟಿಲೇಟರ್ ನಿಲ್ಲಿಸಿಸಿ, ರಿಟ್ರ್ಯಾಕ್ಟರ್ ಹೊರತೆಗೆಯಿರಿ. ಸ್ಪಿನ್ನಿಗೆ ಮೊದಲು ಕಿರಣ ಇಲ್ಲದೆ ಒಮ್ಮೆ ಸುತ್ತಿಸಿ, ಟ್ಯೂಬು, ವೈರು ಯಾವುದಕ್ಕೂ ತಾಗುವುದಿಲ್ಲ ಅಂತ ನೋಡಿ.

ಫ್ಲೋರೋಸಿಸ್‌ನಲ್ಲಿ ಮುಖ್ಯ ಗಂಡಾಂತರ ಬೇರೆಯೇ. ಮೂಳೆ ಗಟ್ಟಿ ಎಂದು ಆಲ್‌ನಿಂದ (ಮೂಳೆ ಚುಚ್ಚುವ ದಬ್ಬಳ) ಬಲವಾಗಿ ಒತ್ತುತ್ತೀರಿ. ಒತ್ತಿದ್ದಕ್ಕೆ ಕಶೇರು ಕೆಳಗೆ ಸರಿಯುತ್ತದೆ, ರೆಫರೆನ್ಸ್ ಫ್ರೇಮ್ (ನ್ಯಾವಿಗೇಷನ್ ಕ್ಯಾಮೆರಾ ಗುರುತಿಸುವ ಗುಂಡುಗಳಿರುವ ಚೌಕಟ್ಟು) ಬೇರೊಂದು ಕಶೇರುವಿನಲ್ಲಿ ಕಚ್ಚಿಕೊಂಡು ಸುಮ್ಮನಿರುತ್ತದೆ. ಪರದೆಯಲ್ಲಿ ಸ್ಕ್ರೂ ಪೆಡಿಕಲ್ಲಿನೊಳಗೆ, ಮೈಯಲ್ಲಿ ಹೊರಗೆ. ಹೈಸ್ಪೀಡ್ ಬರ್‌ನಿಂದ ಬಾಯಿ ಕೊರೆದು, ಸಲೈನ್ ಬಿಡುತ್ತ, ಡ್ರಿಲ್ಲಿಗೆ ಭಾರ ಹಾಕದೆ ಹೋಗಿ. ಒಣ ಡ್ರಿಲ್ ಮೂಳೆಯನ್ನು ಸುಡುತ್ತದೆ. ಫ್ರೇಮಿನಿಂದ ದೂರ ಹೋದಷ್ಟೂ ತಪ್ಪು ಹೆಚ್ಚು. ಪ್ರತಿ ಮಟ್ಟದಲ್ಲೂ ಪಾಯಿಂಟರ್ ತುದಿಯನ್ನು ಕಣ್ಣಿಗೆ ಕಾಣುವ ಮೂಳೆಯ ಗುರುತಿನ ಮೇಲಿಟ್ಟು, ಪರದೆಯಲ್ಲೂ ಅಲ್ಲೇ ಇದೆಯೇ ನೋಡಿ. 2 ಮಿ.ಮೀ. ಆಚೀಚೆ ಆದರೂ ಮತ್ತೆ ರಿಜಿಸ್ಟರ್ ಮಾಡಿ (ಚಿತ್ರವನ್ನು ಮೈಗೆ ಹೊಂದಿಸಿ). ಚಿಕ್ಕ ಪೆಡಿಕಲ್ಲಿನಲ್ಲಿ ಅಷ್ಟರಲ್ಲೇ ಗೋಡೆ ಒಡೆಯುತ್ತದೆ. ಫ್ರೇಮಿನ ಗುಂಡುಗಳ ಮೇಲೆ ರಕ್ತ ಸಿಡಿದರೆ ಕ್ಯಾಮೆರಾ ತಪ್ಪು ಓದುತ್ತದೆ, ಒರೆಸಿ.

ಪ್ರಶ್ನೆ: ನಾನು ಕ್ಯಾಥ್‌ಲ್ಯಾಬ್ (ಎಕ್ಸ್-ರೇ ನೋಡಿಕೊಂಡು ಹೃದಯದ ಚಿಕಿತ್ಸೆ ಮಾಡುವ ಕೋಣೆ) ಸ್ಟಾಫ್ ನರ್ಸ್, ಈಗ ಮೂರು ತಿಂಗಳ ಬಸುರಿ. ಸೀಸದ ಏಪ್ರನ್ ಹಾಕಿಕೊಂಡರೆ ಸಾಕಾ? ನಮ್ಮ ಏಪ್ರನ್ನುಗಳು ಬಹಳ ಹಳೆಯವು.
— ಹರಿಹರ

ಉತ್ತರ: ಮೊದಲು ಬಸುರಿ ಎಂಬುದನ್ನು ಲಿಖಿತವಾಗಿ ತಿಳಿಸಿ, ನಕಲು ಇಟ್ಟುಕೊಳ್ಳಿ. ತಿಳಿಸಿದ ಮೇಲೆ ಹೊಟ್ಟೆಯ ಮಗುವಿಗೆ ಬೀಳುವ ಡೋಸ್ 1 ಮಿಲಿಸೀವರ್ಟ್ ದಾಟಬಾರದೆಂದು ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಇದೆ. ಎದೆಯ ಮಟ್ಟದ, ಡೋಸ್ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜ್ ಜೊತೆಗೆ ಹೊಟ್ಟೆಯ ಮಟ್ಟದಲ್ಲಿ, ಏಪ್ರನ್ ಒಳಗೆ, ಇನ್ನೊಂದು ಕೇಳಿ ಪಡೆಯಿರಿ. ಸಾಧ್ಯವಾದರೆ ರಿಕವರಿ ಅಥವಾ ವಾರ್ಡಿಗೆ ಹಾಕಿಸಿಕೊಳ್ಳಿ. ಲ್ಯಾಬಿನಲ್ಲೇ ಇರಬೇಕಾದರೆ ಟೇಬಲ್ಲಿನಿಂದ 1 ಮೀಟರ್ ಬದಲು 2 ಮೀಟರ್ ದೂರ ನಿಂತರೆ ಡೋಸ್ ಕಾಲು ಭಾಗ. ಸಿನಿ ರನ್ (ದಾಖಲೆಗೆ ಚಿತ್ರ ತೆಗೆಯುವುದು) ಓಡುವಾಗ ಸೀಸದ ಪರದೆಯ ಹಿಂದೆ ಹೋಗಿ, ಒಂದೊಂದು ಫ್ರೇಮಿಗೆ ಫ್ಲೋರೋಗಿಂತ (ಮಾಮೂಲಿ ಚಲಿಸುವ ಎಕ್ಸ್-ರೇ ನೋಟ) ಹತ್ತು ಪಟ್ಟಿಗೂ ಮೀರಿದ ಡೋಸ್ ಅದರಲ್ಲಿ. ಮುಂಭಾಗ ಮಾತ್ರ ಸೀಸವಿರುವ ಏಪ್ರನ್ ಹಾಕಿದ್ದರೆ ಟೇಬಲ್ಲಿಗೆ ಬೆನ್ನು ತಿರುಗಿಸಬೇಡಿ.

ಏಪ್ರನ್ ಚೆನ್ನಾಗಿದ್ದರೆ 0.5 ಮಿ.ಮೀ. ಸೀಸದಷ್ಟು ದಪ್ಪ ಚದುರಿದ ಕಿರಣವನ್ನು ನೂರಕ್ಕೆ 95ಕ್ಕೂ ಹೆಚ್ಚು ತಡೆಯುತ್ತದೆ. ಚೆನ್ನಾಗಿದೆಯೇ ಎಂಬುದು ಮೇಲಿನ ಬಟ್ಟೆ ನೋಡಿದರೆ ತಿಳಿಯದು. ಮಡಚಿ ಕುರ್ಚಿಯ ಮೇಲೆ ಬಿಸಾಕಿದ ಏಪ್ರನ್ ಮಡಿಕೆಗುಂಟ ಒಳಗೇ ಬಿರಿದಿರುತ್ತದೆ. ಕೆಲಸ ಮುಗಿದ ಮೇಲೆ ಸಹೋದ್ಯೋಗಿಯೊಬ್ಬರ ಕೈಲಿ ಅದನ್ನು ಟೇಬಲ್ ಮೇಲೆ ಹರಡಿಸಿ ಫ್ಲೋರೋದಲ್ಲಿ ಉದ್ದಗಲಕ್ಕೂ ನೋಡಿಸಿ, ಆಗ ನೀವು ಕೋಣೆಯ ಹೊರಗಿರಿ. ಕಪ್ಪು ಹಾಳೆಯಲ್ಲಿ ಬಿಳಿ ಗೆರೆಗಳು ಕಂಡರೆ ಬಿರುಕು. ಹೊಟ್ಟೆಯ ಮೇಲೆ ಬರುವ ಜಾಗದಲ್ಲಿ ಬಿರುಕು ಇದ್ದ ಏಪ್ರನ್ ಅನ್ನು ಪಕ್ಕಕ್ಕಿಡಿಸಿ, ಮೇಲೆ ದಿನಾಂಕ ಬರೆದು ಚೀಟಿ ಅಂಟಿಸಿ, ಬೇರೆಯದನ್ನು ಕೊಡುವವರೆಗೆ ಆ ಕೋಣೆಗೆ ಹೋಗಬೇಡಿ.